ಉಳಿದ ಚರ್ಮ

ನನ್ನ ತೂಕ 138 ಕಿಲೋದಿಂದ 82ಕ್ಕೆ ಇಳಿದದ್ದು ಹೇಗೆಂದು ಕೇಳಲು ಈಗಲೂ ಜನ ಫೋನ್ ಮಾಡುತ್ತಾರೆ. ಸ್ನೇಹಿತರ ಸ್ನೇಹಿತರು, ಹಳೆಯ ವಿದ್ಯಾರ್ಥಿಗಳ ಅಪ್ಪಂದಿರು, ಕೆಲವೊಮ್ಮೆ ಹೆಸರು ಹೇಳಲೂ ಹಿಂಜರಿಯುವ ಹೆಂಗಸರು. ಎಷ್ಟು ತಿಂಗಳಿಗೆ ಎಷ್ಟು ಕಿಲೋ ಇಳಿಯಿತು, ನೋವಾಯಿತಾ, ಅನ್ನ ತಿನ್ನಬಹುದಾ, ಶುಗರ್ ಮಾತ್ರೆ ನಿಂತಿತಾ ಎಂದು ಕೇಳುತ್ತಾರೆ. ಚರ್ಮದ ಬಗ್ಗೆ ಯಾರೂ ಕೇಳುವುದಿಲ್ಲ. ಅವರ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಆ ಮಾತನ್ನು ನಾನೇ ತೆಗೆಯುತ್ತೇನೆ. ಆಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರುವುದಿಲ್ಲ.

ನಾನು ಶಿವಮೊಗ್ಗದ ಪಿಯು ಕಾಲೇಜೊಂದರಲ್ಲಿ ಗಣಿತದ ಉಪನ್ಯಾಸಕ. ಚಿಕ್ಕಂದಿನಿಂದಲೂ ದಪ್ಪ. ನಲವತ್ತು ದಾಟುವ ಹೊತ್ತಿಗೆ ಸಕ್ಕರೆ ಕಾಯಿಲೆ, ಬಿಪಿ, ಮಂಡಿ ನೋವು, ಜೊತೆಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ರಾತ್ರಿ ಮೂಗಿಗೆ ಸಿಪ್ಯಾಪ್ ಯಂತ್ರದ ಮಾಸ್ಕ್ ಕಟ್ಟಿಕೊಳ್ಳದೆ ಮಲಗುವಂತಿರಲಿಲ್ಲ. 2020ರಲ್ಲಿ ಕೊರೊನಾ ಬಂದಾಗ, ಸ್ಥೂಲಕಾಯದವರಿಗೆ ಅಪಾಯ ಹೆಚ್ಚು ಎಂದು ಟಿವಿಯಲ್ಲಿ ದಿನವೂ ಹೇಳುತ್ತಿದ್ದರು. ಹಾಗೆ ಹೇಳಿದಾಗಲೆಲ್ಲ ಅಮ್ಮ ನನ್ನ ಮುಖ ನೋಡುತ್ತಿದ್ದಳು. ಮೊದಲ ಅಲೆ ತಗ್ಗಿದ ಮೇಲೆ, 2021ರ ಫೆಬ್ರವರಿಯಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಮಾಡಿಸಿಕೊಂಡೆ. ಹೊಟ್ಟೆಯ ಮೇಲೆ ಸಣ್ಣ ತೂತುಗಳನ್ನು ಮಾಡಿ, ಲ್ಯಾಪರೊಸ್ಕೋಪ್ ಸಹಾಯದಿಂದ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಭಾಗವನ್ನು ಸ್ಟೇಪಲ್ ಹಾಕಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಒಂದು ಸಪೂರ ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಆ ಭಾಗದಲ್ಲೇ. ಹಾಗಾಗಿ ತಟ್ಟೆ ಚಿಕ್ಕದಾಗುವುದರ ಜೊತೆಗೆ ತಿನ್ನಬೇಕೆಂಬ ಸೆಳೆತವೂ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಅದರಿಂದ ಸಿಕ್ಕ ಸುಖವನ್ನು ನಾನು ಕಿರಿದು ಮಾಡಿ ಹೇಳಲಾರೆ. ಕೆಲವೇ ತಿಂಗಳಲ್ಲಿ ಸಿಪ್ಯಾಪ್ ಯಂತ್ರ ಅಟ್ಟ ಸೇರಿತು. ಇನ್ಸುಲಿನ್ ನಿಂತಿತು. ಬಗ್ಗಿ ಷೂ ಲೇಸನ್ನು ನಾನೇ ಕಟ್ಟಿಕೊಂಡ ದಿನ ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. ಕಾಲೇಜಿನ ಮೆಟ್ಟಿಲಿನ ತಿರುವಿನಲ್ಲಿ, ಯಾರೋ ಫೋನ್ ಮಾಡಿದ್ದಾರೆ ಎಂಬಂತೆ ಮೊಬೈಲ್ ನೋಡುತ್ತಾ ನಿಲ್ಲುವ ಅಭ್ಯಾಸ ತಾನಾಗಿ ಬಿಟ್ಟುಹೋಯಿತು. ಈ ಶಸ್ತ್ರಚಿಕಿತ್ಸೆ ನನಗೆ ಆಯುಷ್ಯ ಕೊಟ್ಟಿದೆ ಎಂದು ನಂಬಿದ್ದೇನೆ. ಮುಂದೆ ಹೇಳುವುದನ್ನೆಲ್ಲ ಈ ನಂಬಿಕೆಯನ್ನು ಇಟ್ಟುಕೊಂಡೇ ಹೇಳುತ್ತಿದ್ದೇನೆ.

ದೇಹ ಬದಲಾಗುವ ಕ್ರಮ ನಾವು ಎಣಿಸಿದ ಹಾಗೆ ಇರುವುದಿಲ್ಲ. ಹೊಟ್ಟೆ ಮೊದಲು ಕರಗಲಿ ಎಂದು ನಾವು ಕಾಯುತ್ತೇವೆ, ಕರಗುವುದು ಮುಖ. ಕೆನ್ನೆ ಒಳಗೆ ಹೋಯಿತು, ಕಣ್ಣ ಕೆಳಗೆ ಗುಳಿ ಬಿತ್ತು, ಗಲ್ಲದ ಕೆಳಗಿನ ಚರ್ಮ ಜೋತುಬಿತ್ತು. ಉಂಗುರ ಬೆರಳಿನಿಂದ ಜಾರಿ ಬೀಳತೊಡಗಿತು. ಮರದ ಬೆಂಚಿನ ಮೇಲೆ ಕೂತರೆ ಕೆಳಗಿನ ಮೂಳೆ ಒತ್ತಿ ನೋವಾಗುತ್ತಿತ್ತು, ಅಲ್ಲಿ ಮೂಳೆ ಇದೆಯೆಂದು ಗೊತ್ತಾದದ್ದೇ ಆಗ. ಜೀವನದಲ್ಲಿ ಸ್ವೆಟರ್ ಹಾಕಿರದ ನಾನು ಆ ಮಳೆಗಾಲದಲ್ಲಿ ತರಗತಿಯಲ್ಲೂ ಸ್ವೆಟರ್ ಹಾಕಿಕೊಂಡು ಪಾಠ ಮಾಡಿದೆ. ಮೈಮೇಲಿನ ಕೊಬ್ಬಿನ ಹೊದಿಕೆ ಹೋದರೆ ಚಳಿ ನೇರವಾಗಿ ಒಳಗೆ ಇಳಿಯುತ್ತದೆ.

ಮೂರು ತಿಂಗಳು ಕಳೆಯುತ್ತಿದ್ದಂತೆ ಕೂದಲು ಉದುರಲು ಶುರುವಾಯಿತು. ಸ್ನಾನದ ಮನೆಯ ಜಾಲರಿ ಕಟ್ಟಿಕೊಳ್ಳುವಷ್ಟು. ಡಾಕ್ಟರು ಇದನ್ನು ಟೆಲೋಜೆನ್ ಎಫ್ಲೂವಿಯಮ್ ಎಂದರು. ಶಸ್ತ್ರಚಿಕಿತ್ಸೆ ಮತ್ತು ಥಟ್ಟನೆ ತೂಕ ಇಳಿಯುವ ಆಘಾತಕ್ಕೆ ಸಿಕ್ಕಿ ಕೂದಲ ಬುಡಗಳು ಒಟ್ಟಿಗೇ ವಿಶ್ರಾಂತಿಯ ಹಂತಕ್ಕೆ ಹೋಗುತ್ತವೆ, ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತವೆ. ಬುಡ ಸತ್ತಿರುವುದಿಲ್ಲವಾದ್ದರಿಂದ ವರ್ಷದೊಳಗೆ ಬಹುಪಾಲು ಮತ್ತೆ ಬರುತ್ತದೆ. ಆದರೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಹೊಟ್ಟೆಗೆ ಹೋಗಬೇಕು. ಕಬ್ಬಿಣ, ಸತು, ಬಿ12 ಕಡಿಮೆಯಾಗಬಾರದು. ಸಸ್ಯಾಹಾರದ ಮನೆಯಲ್ಲಿ, ಅಂಗೈಯಲ್ಲಿ ಹಿಡಿಸುವಷ್ಟೇ ಊಟ ಮಾಡುವವನು ಅಷ್ಟು ಪ್ರೋಟೀನ್ ತಿನ್ನುವುದೆಂದರೆ ಒಂದು ದಿನದ ಕೆಲಸವೇ. ಹೆಂಡತಿ ಕಾಳು, ಪನೀರ್, ಗಟ್ಟಿ ಮೊಸರು ಎಂದು ಗಂಟೆಗೊಂದು ಬಟ್ಟಲು ತಂದಿಡುತ್ತಿದ್ದಳು. ಅನ್ನವನ್ನು ಕೊನೆಗೆ ತಿನ್ನುವುದನ್ನು ಕಲಿತೆ. ಊಟದ ನಡುವೆ ನೀರು ಕುಡಿಯುವುದನ್ನು ಬಿಟ್ಟೆ.

ನಮ್ಮ ಕಡೆ ಸಣ್ಣಗಾದವನನ್ನು ಕಂಡು ಯಾರೂ ಸಂತೋಷಪಡುವುದಿಲ್ಲ, ಮರುಕಪಡುತ್ತಾರೆ. ಮದುವೆ ಮನೆಯಲ್ಲಿ ದೂರದ ಚಿಕ್ಕಮ್ಮ ನನ್ನ ಕೈ ಹಿಡಿದು, "ಏನೋ ಇದು, ಬಾಡಿ ಹೋಗಿದ್ದೀಯಲ್ಲೋ" ಎಂದು ಕಣ್ಣಲ್ಲಿ ನೀರು ತುಂಬಿಕೊಂಡರು. ಅಡುಗೆ ಮನೆಯ ಬಾಗಿಲಲ್ಲಿ ನನ್ನ ಹೆಂಡತಿಯನ್ನು ನಿಲ್ಲಿಸಿ ಯಾರೋ ಕ್ಯಾನ್ಸರ್ರಾ ಎಂದು ಪಿಸುಗುಟ್ಟಿ ಕೇಳಿದರಂತೆ. ಅಮ್ಮನಿಗೂ ನನ್ನ ಹಳೆಯ ಮುಖವೇ ಬೇಕಿತ್ತು. ಊಟಕ್ಕೆ ಕೂತಾಗ ಒಂದು ಸೌಟು ಹೆಚ್ಚು ಬಡಿಸಿ, ನಾನು ಬಿಟ್ಟದ್ದನ್ನು ಮಾತಿಲ್ಲದೆ ಎತ್ತಿಕೊಂಡು ಹೋಗುತ್ತಿದ್ದಳು.

ಇಷ್ಟನ್ನೂ ತಡೆದುಕೊಳ್ಳಬಹುದಿತ್ತು. ಕಾಲ ಕಳೆದಂತೆ ಕೂದಲು ಬಂತು, ಮುಖ ಸ್ವಲ್ಪ ತುಂಬಿಕೊಂಡಿತು. ಚರ್ಮದ ವಿಷಯ ಬೇರೆ. 2022ರ ಮೊದಲಿಗೆ ತೂಕ 82ರ ಆಸುಪಾಸಿನಲ್ಲಿ ನಿಂತಾಗ, ಹೊಟ್ಟೆಯ ಚರ್ಮ ಅಕ್ಕಿ ಖಾಲಿಯಾದ ಗೋಣಿಚೀಲದ ಹಾಗೆ ಮಡಿಕೆ ಮಡಿಕೆಯಾಗಿ ತೊಡೆಯ ಸಂದಿನವರೆಗೂ ಇಳಿದಿತ್ತು. ಎದೆಯ ಎರಡು ಕಡೆಯೂ ಜೋತುಬಿದ್ದಿತ್ತು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ತೋಳಿನ ಕೆಳಭಾಗ ಅಲ್ಲಾಡುತ್ತಿತ್ತು. ಮುಂದಿನ ಬೆಂಚಿನ ಹುಡುಗರ ಕಣ್ಣು ಸಮೀಕರಣ ಬಿಟ್ಟು ತೋಳಿನ ಕಡೆ ಹೋಗುವುದು ನನಗೆ ತಿಳಿಯುತ್ತಿತ್ತು. ಅಂದಿನಿಂದ ನಾನು ತುಂಬುತೋಳಿನ ಅಂಗಿಯನ್ನೇ ಹಾಕುವುದು.

ವ್ಯಾಯಾಮ ಮಾಡಿದರೆ ಒಳಗೆ ಹೋಗುತ್ತದೆ ಎಂದು ಹೇಳುವವರು ಬಹಳ ಮಂದಿ. ವ್ಯಾಯಾಮದಿಂದ ಸ್ನಾಯು ಬಲಿಯುತ್ತದೆ, ಅದು ಬೇಕೇ ಬೇಕು. ಆದರೆ ಚರ್ಮ ಸ್ನಾಯುವಲ್ಲ. ಒಳಚರ್ಮದಲ್ಲಿ ಕೊಲಾಜೆನ್, ಎಲಾಸ್ಟಿನ್ ಎಂಬ ಎರಡು ಬಗೆಯ ಎಳೆಗಳಿವೆ. ಮೊದಲನೆಯದು ಗಟ್ಟಿತನ ಕೊಡುತ್ತದೆ. ಹಿಗ್ಗಿದ್ದನ್ನು ಹಿಂದಕ್ಕೆ ಎಳೆದುಕೊಳ್ಳುವುದು ಎರಡನೆಯದು. ಇಪ್ಪತ್ತು ವರ್ಷ ಹಿಗ್ಗಿಯೇ ಇದ್ದ ಚರ್ಮದಲ್ಲಿ ಎಲಾಸ್ಟಿನ್ ಎಳೆಗಳು ಹರಿದುಹೋಗಿರುತ್ತವೆ, ದೊಡ್ಡವರ ದೇಹ ಅವುಗಳನ್ನು ಹೊಸದಾಗಿ ತಯಾರಿಸುವುದು ತೀರಾ ಕಡಿಮೆ. ವಯಸ್ಸು, ಎಷ್ಟು ವರ್ಷ ದಪ್ಪವಿದ್ದೆವು, ಎಷ್ಟು ತೂಕ ಇಳಿಯಿತು, ಬೀಡಿ ಸಿಗರೇಟಿನ ಅಭ್ಯಾಸ, ಹುಟ್ಟಿನಿಂದ ಬಂದ ಚರ್ಮದ ಗುಣ, ಇವೆಲ್ಲ ಸೇರಿ ಯಾರಿಗೆ ಎಷ್ಟು ಜೋಲುತ್ತದೆ ಎಂಬುದನ್ನು ನಿರ್ಧರಿಸುತ್ತವೆ. ಇಪ್ಪತ್ತೈದರ ಹುಡುಗನಿಗೂ ನನಗೂ ಒಂದೇ ಲೆಕ್ಕ ಬರುವುದಿಲ್ಲ.

ನೋಟಕ್ಕಿಂತ ದೊಡ್ಡ ತೊಂದರೆ ಕೊಟ್ಟದ್ದು ಮಳೆಗಾಲ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಊರು ನಮ್ಮದು. ಹೊಟ್ಟೆಯ ಮಡಿಕೆಯ ಕೆಳಗೆ ಚರ್ಮಕ್ಕೆ ಚರ್ಮ ಅಂಟಿ, ಬೆವರು ನಿಂತು, ಮೊದಲು ಕೆಂಪಾಯಿತು, ಆಮೇಲೆ ತುರಿಕೆ, ಆಮೇಲೆ ಸಿಪ್ಪೆ ಸುಲಿದು ರಸಿಕೆ. ವಾಸನೆ ಬರುತ್ತಿದೆಯೇನೋ ಎಂಬ ಅಂಜಿಕೆಗೆ ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕದ ಕುರ್ಚಿಯನ್ನೇ ಹಿಡಿಯುತ್ತಿದ್ದೆ. ಶಿಲೀಂಧ್ರ ಕೊಲ್ಲುವ ಪೌಡರ್, ಮುಲಾಮು ಹಚ್ಚಿದರೆ ಕಡಿಮೆಯಾಗುತ್ತಿತ್ತು. ಬಿಟ್ಟರೆ ಮತ್ತೆ ಬರುತ್ತಿತ್ತು. ಮಡಿಕೆಯ ಸಂದಿಗೆ ಹಳೆಯ ಹತ್ತಿ ಪಂಚೆಯ ತುಂಡನ್ನು ಇಟ್ಟುಕೊಂಡು ಕಾಲೇಜಿಗೆ ಹೋಗಿ, ಮಧ್ಯಾಹ್ನ ಶೌಚಾಲಯದಲ್ಲಿ ಬದಲಾಯಿಸುತ್ತಿದ್ದೆ. ಇದನ್ನು ಸೌಂದರ್ಯದ ವಿಷಯ ಎಂದು ಯಾರಾದರೂ ಹೇಳಿದರೆ ಅವರನ್ನು ಒಂದು ಆಷಾಢ ನಮ್ಮ ಮನೆಯಲ್ಲಿ ಇರಿಸಿಕೊಳ್ಳಬೇಕು ಅನ್ನಿಸುತ್ತದೆ.

ಆ ವರ್ಷ ಮಳೆಗಾಲ ಶುರುವಾಗುವ ಮುಂಚೆಯೇ ಧರ್ಮಸ್ಥಳಕ್ಕೆ ಹೋಗಿದ್ದೆವು. ಮಂಜುನಾಥ ನಮ್ಮ ಮನೆದೇವರು. ಗಂಡಸರು ಅಂಗಿ, ಬನಿಯನ್ ತೆಗೆದೇ ಒಳಗೆ ಹೋಗಬೇಕು. 138 ಕಿಲೋ ಇದ್ದಾಗ ಅಂಗಿ ಬಿಚ್ಚಿ ನಿಂತದ್ದು ನೆನಪಿದೆ. ಆಗ ನಾನು ದೊಡ್ಡ ಆಳು, ಅಷ್ಟೇ. ಅಂಥ ಆಳುಗಳು ಸಾಲಿನಲ್ಲಿ ಇನ್ನೂ ಇರುತ್ತಿದ್ದರು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಈ ಸಲ ಶಲ್ಯವನ್ನು ಎದೆ ತುಂಬಾ ಹೊದ್ದು ಒಂದು ಕೈಯಲ್ಲಿ ಹಿಡಿದುಕೊಂಡೇ ಸಾಲಿನಲ್ಲಿ ನಡೆದೆ. ನೂಕುನುಗ್ಗಲಿನಲ್ಲಿ ಅದು ಜಾರಿತು. ಮುಂದೆ ಅಪ್ಪನ ಹೆಗಲ ಮೇಲಿದ್ದ ಮಗು ನನ್ನನ್ನೇ ನೋಡಿ, "ಅಪ್ಪಾ, ಆ ಮಾಮನಿಗೆ ಏನಾಗಿದೆ?" ಎಂದಿತು. ಅಪ್ಪ ನಾಚಿಕೊಂಡು ಮಗುವಿನ ತಲೆಯನ್ನು ಆ ಕಡೆ ತಿರುಗಿಸಿದ. ನನಗೆ ಮಗುವಿನ ಮೇಲೆ ಸಿಟ್ಟು ಬರಲಿಲ್ಲ. ಆ ಪ್ರಶ್ನೆಯನ್ನು ನಾನೇ ದಿನಾ ಕನ್ನಡಿಯ ಮುಂದೆ ಕೇಳಿಕೊಳ್ಳುತ್ತಿದ್ದೆ. ಅಷ್ಟು ಕಷ್ಟಪಟ್ಟು ಪಡೆದ ಈ ಮೈಯನ್ನು ದೇವರ ಮುಂದೆಯೂ ಮುಚ್ಚಿಕೊಳ್ಳಬೇಕಾಯಿತಲ್ಲ ಎಂಬ ದುಃಖ ಮಾತ್ರ ಮನೆ ಸೇರುವವರೆಗೂ ಜೊತೆಗಿತ್ತು.

ಆಮೇಲೆ ದಾರಿ ಹುಡುಕಲು ಹೊರಟೆ. ಮೊದಲು ಹೋದದ್ದು ಬೆಂಗಳೂರಿನ ಒಂದು ಸೌಂದರ್ಯ ಚಿಕಿತ್ಸೆಯ ಕ್ಲಿನಿಕ್ಕಿಗೆ. ಅಲ್ಲಿ ವೈದ್ಯರಿಗಿಂತ ಮೊದಲು ಸಿಕ್ಕಿದ್ದು ಪ್ಯಾಕೇಜು ವಿವರಿಸುವ ಹುಡುಗಿ. ಕೂದಲಿಗೆ ಪಿಆರ್‌ಪಿ ಇಂಜೆಕ್ಷನ್, ಕೆನ್ನೆಗೆ ಫಿಲ್ಲರ್, ಹೊಟ್ಟೆಗೆ ರೇಡಿಯೋ ಫ್ರೀಕ್ವೆನ್ಸಿ, ಎಲ್ಲ ಒಟ್ಟಿಗೆ ಮಾಡಿಸಿದರೆ ರಿಯಾಯಿತಿ. ಫಿಲ್ಲರ್ ಎಂದರೆ ಸಾಮಾನ್ಯವಾಗಿ ಹೈಲುರಾನಿಕ್ ಆಸಿಡ್‌ನ ಜೆಲ್. ಚರ್ಮದ ಕೆಳಗೆ ಚುಚ್ಚಿ ತುಂಬಿದರೆ ಗುಳಿ ಮುಚ್ಚುತ್ತದೆ, ಕ್ರಮೇಣ ದೇಹ ಅದನ್ನು ಕರಗಿಸಿಕೊಳ್ಳುತ್ತದೆ, ಮತ್ತೆ ತುಂಬಿಸಬೇಕು. ಮುಖ ಇಳಿದದ್ದರಿಂದ ಕೆಲಸಕ್ಕೇ ತೊಂದರೆಯಾಗುವವರು ಅದನ್ನು ಮಾಡಿಸಿಕೊಂಡರೆ ನನ್ನ ತಕರಾರಿಲ್ಲ. ಆದರೆ ರೇಡಿಯೋ ಫ್ರೀಕ್ವೆನ್ಸಿಯ ಬಿಸಿ ಅಲ್ಪಸ್ವಲ್ಪ ಸಡಿಲವಾದ ಚರ್ಮವನ್ನು ಬಿಗಿ ಮಾಡೀತು. ತೊಡೆಯವರೆಗೆ ಇಳಿದದ್ದನ್ನು ಮೇಲೆತ್ತಲಾರದು. ಅದು ಗೊತ್ತಿದ್ದೂ ಅದನ್ನು ನನ್ನಂಥವರಿಗೆ ಮಾರುವುದು ಅನ್ಯಾಯ. ತನಗೇ ತಾನು ಬೇಡವಾಗಿರುವ ಮನುಷ್ಯ ಯಾವ ಚೀಟಿಗೆ ಬೇಕಾದರೂ ಸಹಿ ಹಾಕುತ್ತಾನೆ.

ಅದೇ ಹೊತ್ತಿಗೆ, 2022ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡ ಸುದ್ದಿ ಬಂತು. ಇಪ್ಪತ್ತೊಂದು ವರ್ಷದ ಹುಡುಗಿ. ಅಮ್ಮ ಎರಡು ದಿನ ಟಿವಿಯ ಮುಂದಿನಿಂದ ಏಳಲಿಲ್ಲ. "ಒಂದು ಸಲ ಕತ್ತರಿಸಿಕೊಂಡು ಬದುಕಿ ಬಂದಿದ್ದೀಯ. ಇನ್ನೊಂದು ಸಲ ದೇವರನ್ನ ಪರೀಕ್ಷೆ ಮಾಡಬೇಡ ಕಣೋ" ಎಂದಳು. ಅವಳ ಭಯಕ್ಕೆ ಉತ್ತರ ಕೊಡುವಷ್ಟು ಧೈರ್ಯ ನನಗೂ ಇರಲಿಲ್ಲ. ಕೆಲವು ತಿಂಗಳು ಆ ಮಾತೇ ಮನೆಯಲ್ಲಿ ಬರಲಿಲ್ಲ.

ಕೊನೆಗೆ, ಸ್ಲೀವ್ ಮಾಡಿದ ಸರ್ಜನ್ನರೇ ಒಬ್ಬರು ಪ್ಲಾಸ್ಟಿಕ್ ಸರ್ಜನ್ ಬಳಿ ಕಳಿಸಿದರು. ಹಿರಿಯರು, ಮಾತು ಕಡಿಮೆ. ಅವರು ಮೊದಲು ಕೇಳಿದ್ದು ನನ್ನ ತೂಕದ ಚಾರ್ಟನ್ನು. ಸಾಮಾನ್ಯವಾಗಿ ಮೊದಲ ಶಸ್ತ್ರಚಿಕಿತ್ಸೆಯಾಗಿ ಒಂದರಿಂದ ಒಂದೂವರೆ ವರ್ಷ ಕಳೆದಿರಬೇಕು, ತೂಕ ಕೆಲವು ತಿಂಗಳಾದರೂ ಒಂದೇ ಕಡೆ ನಿಂತಿರಬೇಕು. ಆಮೇಲೆ ಹಿಮೋಗ್ಲೋಬಿನ್, ಅಲ್ಬುಮಿನ್, ಬಿ12 ನೋಡಿದರು. ತೂಕ ಇಳಿಸಿಕೊಂಡವರ ರಕ್ತದಲ್ಲಿ ಇವು ಕಡಿಮೆ ಇರುವುದು ಮಾಮೂಲು, ಕಡಿಮೆ ಇದ್ದರೆ ಅಷ್ಟುದ್ದದ ಗಾಯ ಸರಿಯಾಗಿ ಕೂಡುವುದಿಲ್ಲ. ನನ್ನ ಹಿಮೋಗ್ಲೋಬಿನ್ ಸಾಲದು ಎಂದು ಕಬ್ಬಿಣದ ಇಂಜೆಕ್ಷನ್ ಬರೆದು, ಮೂರು ತಿಂಗಳು ಬಿಟ್ಟು ಬರಲು ಹೇಳಿದರು. ಹಣ ಕೊಡಲು ಸಿದ್ಧನಾಗಿ ಬಂದ ರೋಗಿಯನ್ನು ವಾಪಸು ಕಳಿಸಿದ ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು.

ಅವರೇ ಒಮ್ಮೆ ಹೇಳಿದರು: ಹೊಟ್ಟೆಯ ಜೋತ ಭಾಗವನ್ನು ಕತ್ತರಿಸಿ ತೆಗೆಯುವುದು ಹೊಸ ಕಾಲದ ಶೋಕಿಯಲ್ಲ. 1899ರಲ್ಲೇ ಅಮೆರಿಕದ ಬಾಲ್ಟಿಮೋರಿನಲ್ಲಿ ಹೊವರ್ಡ್ ಕೆಲ್ಲಿ ಎಂಬ ಸ್ತ್ರೀರೋಗ ತಜ್ಞರು ಒಬ್ಬ ಹೆಂಗಸಿನ ಹೊಟ್ಟೆಯಿಂದ ಏಳು ಕಿಲೋಗೂ ಮೀರಿದ ಭಾಗವನ್ನು ತೆಗೆದಿದ್ದರು. ಆ ಹೆಂಗಸು ಹೊತ್ತ ಭಾರವನ್ನು ನೆನೆದೆ. ಅವಳಿಗೂ ಬೇಸಿಗೆಯಲ್ಲಿ ರಸಿಕೆ ಆಗಿರಬೇಕು.

ವಿಮೆಯ ಕಥೆ ಬೇರೆ. ಸ್ಲೀವ್‌ಗೆ ಕಾಗದಪತ್ರಗಳ ಓಡಾಟದ ನಂತರ ಹಣ ಬಂದಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿ ಅದಕ್ಕೆ ದಾರಿ ಇದೆ: ಹದಿನೆಂಟು ತುಂಬಿರಬೇಕು, ಎತ್ತರಕ್ಕೆ ಹೋಲಿಸಿದ ತೂಕದ ಅಳತೆಯಾದ ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಇಲ್ಲವೇ ಗಂಭೀರ ಕಾಯಿಲೆಗಳ ಜೊತೆ 35 ಇರಬೇಕು. ನನ್ನದು 47 ದಾಟಿತ್ತು. ಆದರೆ ಚರ್ಮದ ಶಸ್ತ್ರಚಿಕಿತ್ಸೆ ಬೀಳುವುದು ಸೌಂದರ್ಯ ಚಿಕಿತ್ಸೆಯನ್ನು ಹೊರಗಿಡುವ ನಿಯಮದ ಕೆಳಗೆ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದ ಮೇಲಿನ ಪುನರ್ರಚನೆಗೆ, ಇಲ್ಲವೇ ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯವಿದೆ ಎಂದು ವೈದ್ಯರು ಬರೆದುಕೊಟ್ಟರೆ ಮಾತ್ರ ಹಣ. ಚರ್ಮರೋಗ ತಜ್ಞರ ಚೀಟಿಗಳು, ಫೋಟೋಗಳು, ಸರ್ಜನ್ನರ ಪತ್ರ ಎಲ್ಲ ಲಗತ್ತಿಸಿ ಕಳಿಸಿದೆ. ತಿರಸ್ಕರಿಸಿದ ಪತ್ರ ಎರಡು ಸಾಲಿನದು. ಒಂದು ಕಾಯಿಲೆಯನ್ನು ವಾಸಿ ಮಾಡಲು ಹಣ ಕೊಟ್ಟವರು ಆ ಚಿಕಿತ್ಸೆಯಿಂದಲೇ ಹುಟ್ಟಿದ ಗಾಯಕ್ಕೆ ಕೊಡುವುದಿಲ್ಲ ಎನ್ನುವುದು ನನಗೆ ಇಂದಿಗೂ ನ್ಯಾಯವಾಗಿ ಕಾಣುವುದಿಲ್ಲ. ಕೈಯಿಂದ ಕೆಲವು ಲಕ್ಷ ಹಾಕಬೇಕಾಯಿತು. ಹೆಂಡತಿ, "ಅಡಿಕೆ ದುಡ್ಡು ಬಂದಿದೆಯಲ್ಲ, ಮಾಡಿಸಿಕೊಳ್ಳಿ" ಎಂದಳು. ಆ ಹಣ ಅವಳ ತವರಿನ ತೋಟದ ಪಾಲಿನದು.

2023ರ ಏಪ್ರಿಲ್ ಕೊನೆಗೆ, ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿಸಿಕೊಂಡು ಆಸ್ಪತ್ರೆ ಸೇರಿದೆ. ಆಪರೇಷನ್ನಿನ ಹಿಂದಿನ ಸಂಜೆ ಡಾಕ್ಟರು ನನ್ನನ್ನು ನಿಲ್ಲಿಸಿ ಮೈಮೇಲೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದರು. ಒಂದು ಸೊಂಟದ ಮೂಳೆಯಿಂದ ಇನ್ನೊಂದಕ್ಕೆ ಕಮಾನು. ಗೆರೆ ಎಳೆಯುವ ಕೆಲಸ ನನ್ನದು. ಅವತ್ತು ಬೋರ್ಡು ನಾನಾಗಿದ್ದೆ, ಅವರ ಕೈಯ ನಿಖರತೆಯನ್ನು ಮನಸಾರೆ ಮೆಚ್ಚಿದೆ.

ಅಮ್ಮನಿಗೆ ಒಂದೇ ಸಂಕಟ, ಹೊಕ್ಕಳನ್ನು ಏನು ಮಾಡುತ್ತಾರೆ ಎಂದು. ಫೋನಿನಲ್ಲಿ ಅವಳಿಗೆ ವಿವರಿಸಿದೆ. ಹೊಕ್ಕಳಿನ ಬುಡ ಒಳಗಿನ ಸ್ನಾಯುವಿಗೆ ಅಂಟಿಕೊಂಡಿರುತ್ತದೆ. ಅದನ್ನು ಹಾಗೇ ಬಿಟ್ಟು ಸುತ್ತಲಿನ ಚರ್ಮವನ್ನು ಬಿಡಿಸುತ್ತಾರೆ. ಮೇಲಿನ ಚರ್ಮವನ್ನು ಕೆಳಕ್ಕೆ ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ, ಅದರಲ್ಲಿ ಹೊಸದಾಗಿ ತೂತು ಮಾಡಿ ಅದೇ ಹೊಕ್ಕಳನ್ನು ಹೊರಗೆ ತಂದು ಹೊಲಿಯುತ್ತಾರೆ. "ಅದೇ ಹೊಕ್ಕಳು ಅಲ್ವಾ? ಬೇರೆ ಅಲ್ಲ ತಾನೆ?" ಎಂದು ಮತ್ತೆ ಮತ್ತೆ ಕೇಳಿದಳು. ಅದೇ ಅಮ್ಮ, ನೀನು ಕೊಟ್ಟಿದ್ದೇ ಎಂದೆ. ಆಮೇಲೆ ಅವಳು ಬೇಡವೆನ್ನಲಿಲ್ಲ.

ಸಡಿಲಗೊಂಡು ಎರಡು ಪಕ್ಕಕ್ಕೆ ಸರಿದಿದ್ದ ಹೊಟ್ಟೆಯ ಸ್ನಾಯುಗಳನ್ನೂ ನಡುವಿಗೆ ತಂದು ಹೊಲಿದರು. ತೆಗೆದ ಭಾಗದ ತೂಕ ಮೂರು ಕಿಲೋದ ಹತ್ತಿರ. ಮೊದಲ ಶಸ್ತ್ರಚಿಕಿತ್ಸೆಗಿಂತ ಇದರ ನೋವು ಬಹಳ ಹೆಚ್ಚು, ಇದನ್ನು ಮುಚ್ಚಿಡಬಾರದು. ಹೊಲಿಗೆ ಎಳೆಯದಿರಲೆಂದು ಹಲವು ದಿನ ಬೆನ್ನು ಬಗ್ಗಿಸಿಯೇ ನಡೆಯಬೇಕು, ಮಂಡಿ ಮಡಿಚಿಯೇ ಮಲಗಬೇಕು. ಎರಡು ಪಕ್ಕದಲ್ಲೂ ಡ್ರೈನ್ ಕೊಳವೆ, ಅದರ ತುದಿಯ ಬುಗ್ಗೆಯಲ್ಲಿ ಕೆಂಪು ನೀರು. ಎಷ್ಟು ಮಿಲಿ ತುಂಬಿತೆಂದು ಹೆಂಡತಿ ಡೈರಿಯಲ್ಲಿ ಬರೆದಿಡುತ್ತಿದ್ದಳು. ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟದಿರಲು ಹೊಟ್ಟೆಗೆ ಇಂಜೆಕ್ಷನ್, ಮತ್ತು ಬೇಗ ಎದ್ದು ನಡೆಯುವುದು. ಕೊಳವೆ ತೆಗೆದ ಮೇಲೂ ಒಂದು ಕಡೆ ನೀರು ಕಟ್ಟಿ, ಸೆರೋಮಾ ಎನ್ನುತ್ತಾರೆ, ಅದನ್ನು ಸೂಜಿಯಿಂದ ಎಳೆಯಬೇಕಾಯಿತು. ಮೇ ತಿಂಗಳ ಸೆಕೆಯಲ್ಲಿ ಹಗಲು ರಾತ್ರಿ ಬಿಗಿಯುವ ಬೆಲ್ಟು. ಕಾಲೇಜು ಶುರುವಾದಾಗಲೂ ಅಂಗಿಯ ಒಳಗೆ ಅದು ಇತ್ತು.

ಆ ಮಳೆಗಾಲ ಬಂತು. ಜೂನ್ ಕಳೆಯಿತು, ಜುಲೈ ಕಳೆಯಿತು. ಪೌಡರ್ ಡಬ್ಬಿ ಮುಟ್ಟಲಿಲ್ಲ. ಪಂಚೆಯ ಗಂಟು ಸೊಂಟದಲ್ಲಿ ನಿಂತಿತು. ನನಗೆ ಬೇಕಾದದ್ದು ಇಷ್ಟೇ ಆಗಿತ್ತು.

ಕಲೆ ಇದೆ. ಸೊಂಟದಿಂದ ಸೊಂಟಕ್ಕೆ ಒಂದು ಕಪ್ಪು ಗೆರೆ. ನಮ್ಮ ಬಣ್ಣದ ಚರ್ಮದಲ್ಲಿ ಕಲೆ ಕಪ್ಪಾಗುವುದು, ಉಬ್ಬುವುದು ಹೆಚ್ಚು. ಸಿಲಿಕೋನ್ ಪಟ್ಟಿ ಹಚ್ಚಿ ಒಂದು ವರ್ಷದ ಮೇಲೆ ಸ್ವಲ್ಪ ತಿಳಿಯಾಯಿತು. ಹೊಕ್ಕಳಿನ ಕೆಳಗೆ ಅಂಗೈಯಗಲ ಜಾಗದಲ್ಲಿ ಸ್ಪರ್ಶವೇ ಇಲ್ಲ. ಮನಸ್ಸಿನ ಲೆಕ್ಕ ಇನ್ನೂ ಹಿಂದೆಯೇ ಇದೆ: ಬಸ್ಸಿನ ಎರಡು ಸೀಟಿನ ನಡುವೆ ಈಗಲೂ ಅಡ್ಡ ತಿರುಗಿ ನಡೆಯುತ್ತೇನೆ, ಪ್ಲಾಸ್ಟಿಕ್ ಕುರ್ಚಿಯನ್ನು ಕೈಯಿಂದ ಒತ್ತಿ ನೋಡಿಯೇ ಕೂರುತ್ತೇನೆ.

ತೋಳನ್ನು ಮುಟ್ಟಿಸಿಲ್ಲ. ಅಲ್ಲಿ ಕತ್ತರಿಸಿದರೆ ಕಂಕುಳಿನಿಂದ ಮೊಣಕೈಯವರೆಗೆ ಕಲೆ ಬರುತ್ತದೆ. ಚರ್ಮ ಅಲ್ಲಾಡುವುದಕ್ಕೂ ಆ ಗೆರೆಗೂ ನಡುವೆ ನನಗೆ ಅಲ್ಲಾಡುವುದೇ ಸಾಕು. ಎದೆಯ ವಿಷಯದಲ್ಲಿ ಬಹಳ ದಿನ ಯೋಚಿಸಿ ಬಿಟ್ಟೆ. ಅಲ್ಲಿ ಹುಣ್ಣಿಲ್ಲ, ನೋವಿಲ್ಲ. ಇರುವುದು ಇತರರ ಕಣ್ಣು ಮಾತ್ರ, ಅದಕ್ಕೋಸ್ಕರ ಮತ್ತೊಮ್ಮೆ ಅರಿವಳಿಕೆ ತೆಗೆದುಕೊಳ್ಳುವುದು ನನಗೆ ಬೇಕೆನಿಸಲಿಲ್ಲ. ನನಗಿಂತ ಚಿಕ್ಕವರಿಗೆ, ಮದುವೆಯಾಗಬೇಕಾದವರಿಗೆ, ಆ ಕಣ್ಣು ಹುಣ್ಣಿಗಿಂತ ಹೆಚ್ಚು ನೋಯಿಸಬಹುದು. ಅವರು ಮಾಡಿಸಿಕೊಂಡರೆ ಯಾರೂ ಶೋಕಿ ಎನ್ನಬಾರದು. ಕಳೆದ ವರ್ಷ ಧರ್ಮಸ್ಥಳದಲ್ಲಿ ಶಲ್ಯವನ್ನು ಹೆಗಲ ಮೇಲೆ ಹಾಗೇ ಇಳಿಬಿಟ್ಟು ನಡೆದೆ. ನೋಡಿದವರು ನೋಡಿದರು.

ಇತ್ತೀಚೆಗೆ ಭದ್ರಾವತಿಯ ಹಳೆಯ ವಿದ್ಯಾರ್ಥಿಯೊಬ್ಬ ಸ್ಲೀವ್ ಮಾಡಿಸಿಕೊಳ್ಳುವ ಮುನ್ನ ತಾಯಿಯ ಜೊತೆ ಮನೆಗೆ ಬಂದ. ಅವರು ಎಲ್ಲರಂತೆ ಕಿಲೋಗಳ ಬಗ್ಗೆ ಕೇಳಿದರು. ನಾನು ಅಂಗಿ ಎತ್ತಿ ಕಲೆ ತೋರಿಸಿದೆ, ತೋಳು ತೋರಿಸಿದೆ. "ಚರ್ಮಕ್ಕೆ ಬೇರೆ ಆಪರೇಷನ್ನಾ ಮೇಷ್ಟ್ರೇ?" ಎಂದು ತಾಯಿ ಗಾಬರಿಯಾದರು. ಬೇಕಾಗದಿರಬಹುದು ಅಮ್ಮಾ, ಹುಡುಗ ಚಿಕ್ಕವನು, ಬೀಡಿ ಸಿಗರೇಟಿಲ್ಲ. ಆದರೆ ಬೇಕಾದರೆ ವಿಮೆ ಬಾರದು, ಈಗಿನಿಂದಲೇ ಸ್ವಲ್ಪ ಹಣ ಎತ್ತಿಡಿ, ಎರಡು ವರ್ಷ ಯಾವ ಕ್ಲಿನಿಕ್ಕಿನ ಪ್ಯಾಕೇಜಿಗೂ ಸಹಿ ಹಾಕಬೇಡಿ ಎಂದೆ. ಡಾಕ್ಟರ ಬಳಿ ಹೋದಾಗ ಚರ್ಮದ ಪ್ರಶ್ನೆಯನ್ನು ಅವನೇ ಮೊದಲು ಕೇಳಿದನಂತೆ, ಅವರು ಅರ್ಧ ಗಂಟೆ ಕೂತು ಹೇಳಿದರಂತೆ. ಆಪರೇಷನ್ ಆಯಿತು. ಮೊನ್ನೆ ಬೆಳಿಗ್ಗೆ ಫೋನ್ ಮಾಡಿದ್ದ. "ಸಾರ್, ನೀವು ಹೇಳಿದ್ದು ಶುರುವಾಯ್ತು. ಬಾಚಣಿಗೆ ತುಂಬಾ ಕೂದಲು." ಹೆದರಬೇಡ, ಹೋದದ್ದು ಬರುತ್ತೆ, ಇವತ್ತೇ ಫೆರಿಟಿನ್, ಬಿ12 ಟೆಸ್ಟ್ ಮಾಡಿಸಿ ರಿಪೋರ್ಟ್ ನನಗೆ ಕಳಿಸು, ಡಾಕ್ಟರಿಗೂ ಕಳಿಸು, ಸಾಯಂಕಾಲ ಏನೇನು ತಿಂದೆ ಅಂತ ಬರೆದು ಹೇಳು ಎಂದೆ.